ಸಿಸೇರಿಯನ್ ವೇಳೆ ಸ್ಪೈನಲ್ ಕೊಟ್ಟ ಬಳಿಕ ಬಿಪಿ ಇಳಿದಾಗ: ತಾಲ್ಲೂಕು ಆಸ್ಪತ್ರೆಯ ಓಟಿಗೊಂದು ಮಾರ್ಗದರ್ಶಿ

ಸಿಸೇರಿಯನ್‌ಗೆಂದು ಬೆನ್ನಿಗೆ ಸ್ಪೈನಲ್ ಅರಿವಳಿಕೆ ಕೊಟ್ಟ ಮೇಲೆ ತಾಯಿಯ ರಕ್ತದೊತ್ತಡ ಇಳಿಯುವುದು ಅಪರೂಪದ ತೊಡಕೇನೂ ಅಲ್ಲ. ಮುಂಜಾಗ್ರತೆಯಾಗಿ ಏನನ್ನೂ ಮಾಡದಿದ್ದರೆ ಹತ್ತು ಮಂದಿಯಲ್ಲಿ ಏಳೆಂಟು ಮಂದಿಗೆ ಅದು ಇಳಿಯಬಹುದು. ಆದ್ದರಿಂದ ಬಿಪಿ ಬಿದ್ದ ಮೇಲೆ ಆಂಪೂಲ್ ಹುಡುಕಲು ಓಡಾಡುವ ಅಭ್ಯಾಸವನ್ನು ಬಿಟ್ಟು, ಬೀಳುತ್ತದೆ ಎಂದೇ ಎಣಿಸಿ, ಬೆನ್ನಿಗೆ ಸೂಜಿ ಹಾಕುವ ಮೊದಲೇ ಸಿದ್ಧವಾಗಿರುವುದು ಸರಿಯಾದ ಕ್ರಮ. ಈ ಲೇಖನವನ್ನು ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳ ಅರಿವಳಿಕೆ ವೈದ್ಯರು, ಜೀವರಕ್ಷಕ ಅರಿವಳಿಕೆ ತರಬೇತಿ ಪಡೆದ ವೈದ್ಯಾಧಿಕಾರಿಗಳು, ಓಟಿಯ (ಶಸ್ತ್ರಚಿಕಿತ್ಸಾ ಕೊಠಡಿಯ) ಶುಶ್ರೂಷಾಧಿಕಾರಿಗಳು ಮತ್ತು ತಂತ್ರಜ್ಞರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯಲಾಗಿದೆ. ಇಲ್ಲಿ ಹೇಳಿರುವ ಔಷಧಗಳನ್ನು ತರಬೇತಿ ಪಡೆದವರು ಮಾತ್ರ, ಮಾನಿಟರ್ ಇರುವ ಜಾಗದಲ್ಲಿ ಮಾತ್ರ ಕೊಡಬೇಕು.

ಏಕೆ ಇಳಿಯುತ್ತದೆ

ಹೊಟ್ಟೆಯ ಮೇಲೆ ನೋವಿಲ್ಲದೆ ಕೊಯ್ಯಬೇಕಾದರೆ ಮರಗಟ್ಟುವಿಕೆ ಎದೆಯ ಟಿ4 ಮಟ್ಟಕ್ಕೆ, ಅಂದರೆ ಸುಮಾರಾಗಿ ಸ್ತನತೊಟ್ಟಿನ ಎತ್ತರಕ್ಕೆ ಏರಬೇಕು. ಅಷ್ಟು ಎತ್ತರಕ್ಕೆ ಏರಿದ ಔಷಧ ನೋವಿನ ನರಗಳ ಜೊತೆಗೆ ರಕ್ತನಾಳಗಳನ್ನು ಬಿಗಿಯಾಗಿ ಹಿಡಿದಿಡುವ ಸಿಂಪಥೆಟಿಕ್ ನರಗಳನ್ನೂ ಮಲಗಿಸುತ್ತದೆ. ಕಾಲುವೆ ಇದ್ದಕ್ಕಿದ್ದಂತೆ ಅಗಲವಾದರೆ ಇದ್ದ ನೀರೇ ತಳಮಟ್ಟಕ್ಕೆ ಇಳಿಯುವಂತೆ, ರಕ್ತನಾಳಗಳು ಹಿಗ್ಗಿದಾಗ ಒತ್ತಡ ಇಳಿಯುತ್ತದೆ. ಕಿರು ಅಪಧಮನಿಗಳು ಸಡಿಲಗೊಳ್ಳುವುದು ಇದರಲ್ಲಿ ಮುಖ್ಯ ಪಾಲು. ಕಾಲುಗಳ ಅಭಿಧಮನಿಗಳಲ್ಲಿ ರಕ್ತ ನಿಂತುಬಿಡುವುದು ಅದಕ್ಕೆ ಸೇರಿಕೊಳ್ಳುತ್ತದೆ. ಇದರ ಮೇಲೆ ಅಂಗಾತ ಮಲಗಿದ ಗರ್ಭಿಣಿಯ ತುಂಬಿದ ಗರ್ಭಕೋಶ ಕೆಳ ಮಹಾಭಿಧಮನಿಯನ್ನು ಒತ್ತುತ್ತದೆ. ಮರಗಟ್ಟುವಿಕೆ ಟಿ4ಕ್ಕಿಂತ ಮೇಲೆ ಹೋದರೆ ಹೃದಯದ ಬಡಿತವನ್ನು ಚುರುಕುಗೊಳಿಸುವ ನರಗಳೂ ಸುಮ್ಮನಾಗಿ ನಾಡಿ ನಿಧಾನವಾಗುತ್ತದೆ.

ಗರ್ಭಕೋಶದ ರಕ್ತನಾಳಗಳಿಗೆ ತಮ್ಮ ಹರಿವನ್ನು ತಾವೇ ಸರಿದೂಗಿಸಿಕೊಳ್ಳುವ ಶಕ್ತಿ ಬಹುತೇಕ ಇಲ್ಲ. ತಾಯಿಯ ಒತ್ತಡ ಎಷ್ಟೋ, ಮಗುವಿಗೆ ಸಿಗುವ ರಕ್ತವೂ ಅಷ್ಟೇ. ಒಂದು ನಿಮಿಷದ ಇಳಿತವನ್ನು ಆರೋಗ್ಯವಂತ ಮಗು ತಡೆದುಕೊಳ್ಳುತ್ತದೆ, ಆದರೆ ಇಳಿತ ಹಲವು ನಿಮಿಷ ಮುಂದುವರಿದರೆ ಮಗುವಿನ ರಕ್ತದಲ್ಲಿ ಆಮ್ಲೀಯತೆ ಹೆಚ್ಚುತ್ತಾ ಹೋಗುತ್ತದೆ. ಆದ್ದರಿಂದ ಬಿಪಿ ಎಷ್ಟು ಇಳಿಯಿತು ಎಂಬುದರಷ್ಟೇ ಎಷ್ಟು ಹೊತ್ತು ಇಳಿದಿತ್ತು ಎಂಬುದೂ ಮುಖ್ಯ.

ಓಟಿಗೆ ಕರೆದೊಯ್ಯುವ ಮೊದಲು

ಮೊದಲ ಕೆಲಸ, ಆಕೆಯ ಸಹಜ ಬಿಪಿ ಎಷ್ಟೆಂದು ತಿಳಿದುಕೊಳ್ಳುವುದು. ಓಟಿಯ ಬೆಳಕು, ಹಸಿರು ಬಟ್ಟೆ, ಅಪರಿಚಿತ ಮುಖಗಳ ನಡುವೆ ತೆಗೆದ ಮೊದಲ ರೀಡಿಂಗ್ ಸಾಮಾನ್ಯವಾಗಿ ಹೆಚ್ಚೇ ಬರುತ್ತದೆ. ಎಡ ಮಗ್ಗುಲಿಗೆ ಮಲಗಿಸಿ, ತುಸು ವಿಶ್ರಾಂತಿ ಕೊಟ್ಟು ಮೂರು ಸಲ ನೋಡಿ, ಸರಾಸರಿಯನ್ನು ಕೇಸ್ ಶೀಟ್‌ನಲ್ಲಿ ಬರೆಯಿರಿ. 2018ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಒಮ್ಮತದ ಹೇಳಿಕೆಯ ಪ್ರಕಾರ ಸಿಸ್ಟಾಲಿಕ್ ಒತ್ತಡವನ್ನು (ಬಿಪಿಯ ಮೇಲಿನ ಅಂಕಿ) ಸಹಜ ಮಟ್ಟದ 90 ಶೇಕಡಾಕ್ಕಿಂತ ಕೆಳಗಿಳಿಯದಂತೆ ನೋಡಿಕೊಳ್ಳಬೇಕು, 80 ಶೇಕಡಾಕ್ಕಿಂತ ಕೆಳಗೆ ಹೋದರೆ ಕೂಡಲೇ ಔಷಧ ಕೊಡಬೇಕು. ಸಹಜ ಬಿಪಿ 120 ಇದ್ದವರಿಗೆ ಗುರಿ 108, ಅಪಾಯದ ಗೆರೆ 96. ಈ ಎರಡು ಸಂಖ್ಯೆಗಳನ್ನು ಮೊದಲೇ ಲೆಕ್ಕ ಹಾಕಿ ಮಾನಿಟರ್ ಪಕ್ಕದಲ್ಲಿ ಅಂಟಿಸಿಟ್ಟರೆ ಗಡಿಬಿಡಿಯಲ್ಲಿ ಯಾರೂ ಲೆಕ್ಕ ಮಾಡುತ್ತ ನಿಲ್ಲಬೇಕಾಗುವುದಿಲ್ಲ. ಎಲ್ಲರಿಗೂ ಸಿಸ್ಟಾಲಿಕ್ ರೀಡಿಂಗ್ 90ರ ಮೇಲಿದ್ದರೆ ಸಾಕು ಎಂಬ ಹಳೆಯ ಲೆಕ್ಕ ನಮ್ಮ ಹಲವು ಓಟಿಗಳಲ್ಲಿ ಇನ್ನೂ ನಡೆಯುತ್ತಿದೆ. ಅದನ್ನು ಕೈಬಿಡುವುದು ಒಳ್ಳೆಯದು.

ಎರಡನೆಯದಾಗಿ, ಉಪವಾಸದ ವಿಚಾರ. ಬೆಳಗ್ಗೆ ಹನ್ನೊಂದಕ್ಕೆ ಶಸ್ತ್ರಚಿಕಿತ್ಸೆ ಇದ್ದರೂ ಹಿಂದಿನ ರಾತ್ರಿಯಿಂದ ಗುಟುಕು ನೀರನ್ನೂ ಕೊಡದಿರುವುದು ವಾರ್ಡುಗಳಲ್ಲಿ ರೂಢಿಯಾಗಿದೆ. ಮೊದಲೇ ದಿನ ಗೊತ್ತುಮಾಡಿದ ಶಸ್ತ್ರಚಿಕಿತ್ಸೆಯಲ್ಲಿ, ಬೇರೆ ತೊಂದರೆ ಇಲ್ಲದಿದ್ದರೆ, ಎರಡು ಗಂಟೆ ಮೊದಲಿನವರೆಗೂ ತಿಳಿ ನೀರು ಕುಡಿಯಬಹುದು. ಬಾಯಾರಿ ಒಣಗಿದವರಿಗೆ ಸ್ಪೈನಲ್ ಕೊಟ್ಟರೆ ಬಿಪಿ ಇನ್ನಷ್ಟು ಕುಸಿಯುತ್ತದೆ. ಸಹಜ ನಾಡಿಯೇ ವೇಗವಾಗಿರುವವರು, ಈಗಾಗಲೇ ರಕ್ತಸ್ರಾವ ಆಗುತ್ತಿರುವವರು, ಅಂಗಾತ ಮಲಗಿದರೆ ತಲೆ ಸುತ್ತುತ್ತದೆ ಎನ್ನುವವರು, ಅವಳಿ ಮಕ್ಕಳಿರುವವರು, ಇವರನ್ನು ಮೊದಲೇ ಗುರುತಿಸಿಕೊಳ್ಳಿ.

ಡ್ರಿಪ್‌ಗೆ 18 ಗೇಜ್, ಸಾಧ್ಯವಾದರೆ 16 ಗೇಜ್ ಕ್ಯಾನುಲಾ ಹಾಕಿ (ಗೇಜ್ ಸಂಖ್ಯೆ ಕಡಿಮೆಯಾದಷ್ಟು ಕೊಳವೆ ದಪ್ಪ). 20 ಗೇಜ್‌ನಲ್ಲಿ ದ್ರವ ಬೇಕಾದಷ್ಟು ವೇಗವಾಗಿ ಹರಿಯುವುದಿಲ್ಲ. ಡ್ರಿಪ್‌ನಲ್ಲಿ ಹರಿಸುವ ಲವಣ ದ್ರವವಾದ ರಿಂಗರ್ ಲ್ಯಾಕ್ಟೇಟ್ ಬಾಟಲಿಯನ್ನು ಬೆಳಕಿಗೆ ಹಿಡಿದು ತೇಲುವ ಕಣಗಳಿವೆಯೇ ನೋಡಿ, ಬ್ಯಾಚ್ ಸಂಖ್ಯೆಯನ್ನು ಕೇಸ್ ಶೀಟ್‌ನಲ್ಲಿ ಬರೆಯಿರಿ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ತೀರಿಕೊಂಡಾಗ ಇದೇ ದ್ರವದ ಗುಣಮಟ್ಟದ ಬಗ್ಗೆ ಗಂಭೀರ ಪ್ರಶ್ನೆಗಳು ಎದ್ದದ್ದು ಎಲ್ಲರಿಗೂ ನೆನಪಿದೆ. ಕಣ್ಣಿಗೆ ಕಾಣದ ದೋಷವನ್ನು ನಾವು ಪತ್ತೆ ಮಾಡಲಾರೆವು, ಆದರೆ ಯಾವ ಬ್ಯಾಚ್ ಯಾರಿಗೆ ಹೋಯಿತು ಎಂಬ ದಾಖಲೆಯನ್ನಂತೂ ಇಡಬಹುದು.

ಸಿರಿಂಜ್‌ಗಳನ್ನು ಮೊದಲು ತುಂಬಿಡಿ

ಫಿನೈಲೆಫ್ರಿನ್ ಇಂದು ಮೊದಲ ಆಯ್ಕೆಯ ಔಷಧ. ಅದು ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ, ಅಂದರೆ ಸ್ಪೈನಲ್ ಕೆಡಿಸಿದ್ದನ್ನೇ ನೇರವಾಗಿ ಸರಿಪಡಿಸುತ್ತದೆ. ಸಾಮಾನ್ಯವಾಗಿ ಸಿಗುವ ಆಂಪೂಲ್‌ನ 1 ಮಿ.ಲೀ.ನಲ್ಲಿ 10 ಮಿ.ಗ್ರಾಂ ಔಷಧವಿದ್ದು, ನೇರವಾಗಿ ಕೊಟ್ಟರೆ ಅದು ಒಮ್ಮೆಗೆ ಕೊಡುವ ಸಾಮಾನ್ಯ ಪ್ರಮಾಣದ, ಅಂದರೆ ಬೋಲಸ್‌ನ ನೂರು ಪಟ್ಟು ಅಥವಾ ಅದಕ್ಕೂ ಹೆಚ್ಚಾಗುತ್ತದೆ; ಮೆದುಳಿನಲ್ಲಿ ರಕ್ತಸ್ರಾವವಾಗಲು ಅಷ್ಟು ಸಾಕು. ಇದನ್ನು ತಪ್ಪಿಸುವ ಸರಳ ವಿಧಾನವೆಂದರೆ ಒಂದು ಆಂಪೂಲನ್ನು 100 ಮಿ.ಲೀ. ನಾರ್ಮಲ್ ಸಲೈನ್ ಬಾಟಲಿಗೆ ಹಾಕಿ ಅಲುಗಾಡಿಸುವುದು. ಆಗ ಪ್ರತಿ ಮಿ.ಲೀ.ಗೆ 100 ಮೈಕ್ರೋಗ್ರಾಂ ಆಗುತ್ತದೆ. ಸಿರಿಂಜ್‌ನಲ್ಲೇ ಎರಡು ಹಂತದಲ್ಲಿ ತೆಳುಗೊಳಿಸುವವರು ಮೊದಲ ಹಂತದ ಸಿರಿಂಜನ್ನು ಟ್ರೇಯಲ್ಲಿ ಉಳಿಸಬಾರದು, ಏಕೆಂದರೆ ನೋಡಲು ಎರಡೂ ಒಂದೇ ರೀತಿ ಇರುತ್ತವೆ. ತುಂಬಿದ ತಕ್ಷಣ ಹೆಸರು ಮತ್ತು ಪ್ರಮಾಣ ಬರೆದ ಚೀಟಿ ಅಂಟಿಸಿ. ಚೀಟಿ ಇಲ್ಲದ ಸಿರಿಂಜ್ ಯಾರದೇ ಆಗಿರಲಿ, ಚೆಲ್ಲಿಬಿಡಿ.

ಬಿಪಿ ಏರಿಸುವ ಇನ್ನೊಂದು ಔಷಧವಾದ ಮೆಫೆಂಟರ್ಮಿನ್ ನಮ್ಮಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ ಮತ್ತು ಸಣ್ಣ ಆಸ್ಪತ್ರೆಗಳಲ್ಲಿ ಹಲವು ಸಲ ಇದೊಂದೇ ಸಿಗುತ್ತದೆ. ಲೇಬಲ್ ಓದಿ, 30 ಮಿ.ಗ್ರಾಂ ಔಷಧವನ್ನು 10 ಮಿ.ಲೀ. ಆಗುವಂತೆ ಸಲೈನ್‌ನಲ್ಲಿ ತೆಳುಗೊಳಿಸಿದರೆ 1 ಮಿ.ಲೀ.ಗೆ 3 ಮಿ.ಗ್ರಾಂ ಆಗುತ್ತದೆ, ಒಂದು ಸಲಕ್ಕೆ 1ರಿಂದ 2 ಮಿ.ಲೀ. ಕೊಡಬೇಕು. ಎಫೆಡ್ರಿನ್ ಇದ್ದರೆ ಒಂದು ಸಲಕ್ಕೆ 5ರಿಂದ 10 ಮಿ.ಗ್ರಾಂ. ಎಫೆಡ್ರಿನ್ ಮಾಸುವನ್ನು ದಾಟಿ ಮಗುವಿನ ಆಮ್ಲೀಯತೆಯನ್ನು ಹೆಚ್ಚಿಸುತ್ತದೆ, ಮತ್ತೆ ಮತ್ತೆ ಕೊಟ್ಟಂತೆ ಅದರ ಪರಿಣಾಮವೂ ತಗ್ಗುತ್ತದೆ. ಆದರೂ ನಾಡಿ ನಿಧಾನವಾಗಿರುವಾಗ ಇವೆರಡಕ್ಕೂ ಅವುಗಳದೇ ಜಾಗವಿದೆ. ನೋರ್‌ಅಡ್ರಿನಲಿನ್ ಕೂಡ ಒಳ್ಳೆಯ ಆಯ್ಕೆ, ಬೋಲಸ್ 4ರಿಂದ 8 ಮೈಕ್ರೋಗ್ರಾಂ. ಆದರೆ ಆಂಪೂಲ್‌ನಲ್ಲಿ ಲವಣದ ಲೆಕ್ಕದ 2 ಮಿ.ಗ್ರಾಂ ಎಂದರೆ ಮೂಲ ಔಷಧದ ಲೆಕ್ಕದಲ್ಲಿ 1 ಮಿ.ಗ್ರಾಂ ಮಾತ್ರ. ಈ ವ್ಯತ್ಯಾಸ ಗೊತ್ತಿಲ್ಲದೆ ಅದನ್ನು ಮುಟ್ಟಬೇಡಿ.

ಇವುಗಳ ಪಕ್ಕದಲ್ಲಿ ನಾಡಿಯ ವೇಗ ಏರಿಸುವ ಅಟ್ರೋಪಿನ್ 0.6 ಮಿ.ಗ್ರಾಂ ಮತ್ತು ತೆಳುಗೊಳಿಸಿದ ಅಡ್ರಿನಲಿನ್ ಸಿದ್ಧವಿರಲಿ. ಉಸಿರಾಟಕ್ಕೆ ನೆರವಾಗುವ ಆಂಬು ಬ್ಯಾಗ್, ಲ್ಯಾರಿಂಗೋಸ್ಕೋಪ್, ಟ್ಯೂಬ್, ಸಕ್ಷನ್ ಇವೆಲ್ಲ ಕೆಲಸ ಮಾಡುತ್ತಿವೆಯೇ ಎಂದು ಕೈಯಾರೆ ನೋಡಿಕೊಳ್ಳಿ. ಸ್ಪೈನಲ್‌ಗೆ ಐದು ನಿಮಿಷ ಮೊದಲು ಆಂಡಾನ್ಸೆಟ್ರಾನ್ 4 ಮಿ.ಗ್ರಾಂ ರಕ್ತನಾಳಕ್ಕೆ ಕೊಟ್ಟರೆ ವಾಂತಿಯ ಜೊತೆಗೆ ಬಿಪಿಯ ಇಳಿತವೂ ಸ್ವಲ್ಪ ಕಡಿಮೆಯಾಗುತ್ತದೆ. ಕಾಲುಗಳಿಗೆ ಕ್ರೇಪ್ ಬ್ಯಾಂಡೇಜ್ ಸುತ್ತುವುದರಿಂದಲೂ ಉಪಯೋಗವಿದೆ. ಆದರೆ ಇವು ನೆರವಿಗೆ ಮಾತ್ರ. ಇವನ್ನು ನಂಬಿ ಫಿನೈಲೆಫ್ರಿನ್ ತುಂಬುವುದನ್ನು ಬಿಡುವಂತಿಲ್ಲ.

ಸ್ಪೈನಲ್ ಕೊಟ್ಟ ಕ್ಷಣದಿಂದ ಮಗು ಹೊರಬರುವವರೆಗೆ

ಸ್ಪೈನಲ್‌ಗೆ ಬಳಸುವ, ಬೆನ್ನುಹುರಿಯ ದ್ರವಕ್ಕಿಂತ ಭಾರವಾದ ಮರಗಟ್ಟಿಸುವ ಔಷಧ ಹೆವಿ ಬುಪಿವಕೇನ್ 0.5 ಶೇಕಡಾ ದ್ರಾವಣ 1.8ರಿಂದ 2.2 ಮಿ.ಲೀ., ಅಂದರೆ 9ರಿಂದ 11 ಮಿ.ಗ್ರಾಂ, ಹೆಚ್ಚಿನವರಿಗೆ ಸಾಕಾಗುತ್ತದೆ. ಜೊತೆಗೆ ನೋವು ನಿವಾರಕ ಫೆಂಟನಿಲ್ ಸ್ವಲ್ಪ ಸೇರಿಸಿದರೆ ಬುಪಿವಕೇನನ್ನು ಇನ್ನಷ್ಟು ತಗ್ಗಿಸಬಹುದು. ಬಿಪಿ ಇಳಿಯಬಾರದೆಂದು ತೀರಾ ಕಡಿಮೆ ಕೊಟ್ಟು, ಅರ್ಧದಲ್ಲಿ ತಾಯಿ ನೋವಿನಿಂದ ಕೂಗುವಂತೆ ಮಾಡುವುದು ಜಾಣತನವಲ್ಲ.

ಸೂಜಿಯಲ್ಲಿ ಬೆನ್ನುಹುರಿಯ ದ್ರವ ಕಾಣಿಸಿಕೊಂಡಾಗಲೇ ಡ್ರಿಪ್ಪನ್ನು ಪೂರ್ತಿ ತೆರೆಯಿರಿ. ಅರ್ಧ ಗಂಟೆ ಮೊದಲೇ ಒಂದೆರಡು ಬಾಟಲಿ ಏರಿಸಿಡುವ ಹಳೆಯ ಕ್ರಮದಿಂದ ಹೆಚ್ಚು ಲಾಭವಿಲ್ಲ, ಏಕೆಂದರೆ ಆ ದ್ರವ ಬೇಗನೆ ರಕ್ತನಾಳದಿಂದ ಹೊರಗೆ ಸೋರಿಹೋಗುತ್ತದೆ. ರಕ್ತನಾಳಗಳು ಸಡಿಲವಾಗುವ ಹೊತ್ತಿಗೇ ಸುಮಾರು ಒಂದು ಲೀಟರ್ ಒಳಹೋಗುವಂತೆ ಮಾಡಿದರೆ ಅದು ಉಪಯೋಗಕ್ಕೆ ಬರುತ್ತದೆ. ಆ ಹಳೆಯ ಕ್ರಮ ಮುಗಿಯಲಿ ಎಂದು ತುರ್ತು ಸಿಸೇರಿಯನ್ ತಡಮಾಡುವುದಂತೂ ಸಲ್ಲದು.

ಆಕೆಯನ್ನು ಕೂಡಲೇ ಮಲಗಿಸಿ, ಬಲ ಸೊಂಟದ ಕೆಳಗೆ ಮಡಿಸಿದ ದಪ್ಪ ಬಟ್ಟೆ ಅಥವಾ ವೆಜ್ ಇಟ್ಟು, ಇಲ್ಲವೇ ಟೇಬಲನ್ನೇ ವಾಲಿಸಿ 15 ಡಿಗ್ರಿ ಎಡಕ್ಕೆ ತಿರುಗುವಂತೆ ಮಾಡಿ. ಕಣ್ಣಳತೆಯಲ್ಲಿ 15 ಎಂದುಕೊಂಡದ್ದು ಹೆಚ್ಚಿನ ಸಲ ಎಂಟು ಹತ್ತು ಡಿಗ್ರಿಯೂ ಇರುವುದಿಲ್ಲ. ಫಿನೈಲೆಫ್ರಿನ್ ಸರಿಯಾಗಿ ಹರಿಯುತ್ತಿದ್ದರೆ ಆರೋಗ್ಯವಂತ ತಾಯಿಗೆ ಈ ವಾಲುವಿಕೆ ಅನಿವಾರ್ಯವಲ್ಲ ಎಂದು 2017ರ ಒಂದು ಅಧ್ಯಯನ ತೋರಿಸಿದೆ. ಆದರೆ ಸಿರಿಂಜ್ ಪಂಪ್ ಇಲ್ಲದ ನಮ್ಮ ಓಟಿಗಳಲ್ಲಿ ಇದನ್ನು ಬಿಡಲು ನಾನು ಹೇಳಲಾರೆ. ತಲೆ ಮತ್ತು ಭುಜದ ಕೆಳಗೆ ದಿಂಬಿರಲಿ.

ಪಂಪ್ ಇದ್ದರೆ, 100 ಮೈಕ್ರೋಗ್ರಾಂ ದ್ರಾವಣವನ್ನು ಸ್ಪೈನಲ್ ಕೊಟ್ಟ ಕೂಡಲೇ ಗಂಟೆಗೆ 15ರಿಂದ 30 ಮಿ.ಲೀ. ವೇಗದಲ್ಲಿ ಆರಂಭಿಸಿ, ಅದು ನಿಮಿಷಕ್ಕೆ 25ರಿಂದ 50 ಮೈಕ್ರೋಗ್ರಾಂ ಆಗುತ್ತದೆ. ಬಿಪಿ ಇಳಿಯಲೆಂದು ಕಾಯಬಾರದು. ಒತ್ತಡ ಸಹಜ ಮಟ್ಟಕ್ಕಿಂತ ಮೇಲೇರತೊಡಗಿದರೆ ವೇಗ ತಗ್ಗಿಸಿ, 20 ಶೇಕಡಾ ಮೀರಿದರೆ ನಿಲ್ಲಿಸಿ. ಪಂಪ್ ಇಲ್ಲದಿದ್ದರೆ ಎರಡು ದಾರಿಗಳಿವೆ. ಮೊದಲನೆಯದು, ಕ್ಷಣ ಕ್ಷಣವೂ ಗಮನವಿಟ್ಟು 50ರಿಂದ 100 ಮೈಕ್ರೋಗ್ರಾಂ ಬೋಲಸ್ ಕೊಡುವುದು. ಎರಡನೆಯದು, ಸೌಲಭ್ಯ ಕಡಿಮೆ ಇರುವ ದಕ್ಷಿಣ ಆಫ್ರಿಕಾದ ಆಸ್ಪತ್ರೆಗಳಲ್ಲಿ ಪರೀಕ್ಷಿಸಿದ ವಿಧಾನ: ಮೊದಲ ಒಂದು ಲೀಟರ್ ದ್ರವಕ್ಕೆ 500 ಮೈಕ್ರೋಗ್ರಾಂ ಫಿನೈಲೆಫ್ರಿನ್ ಸೇರಿಸುವುದು. ಆ ಲೀಟರ್ 20 ನಿಮಿಷದಲ್ಲಿ ಒಳಹೋದರೆ ನಿಮಿಷಕ್ಕೆ 25 ಮೈಕ್ರೋಗ್ರಾಂ ಸಿಕ್ಕಂತಾಗುತ್ತದೆ. ಆ ಬಾಟಲಿಯ ಮೇಲೆ ದೊಡ್ಡದಾಗಿ ಬರೆದಿರಬೇಕು, ಗರ್ಭಕೋಶವನ್ನು ಗಟ್ಟಿಗೊಳಿಸುವ ಆಕ್ಸಿಟೋಸಿನನ್ನು ಅದಕ್ಕೆ ಎಂದೂ ಹಾಕಬಾರದು.

ಬಿಪಿಯನ್ನು ಮಗು ಹೊರಬರುವವರೆಗೆ ಪ್ರತಿ ನಿಮಿಷಕ್ಕೊಮ್ಮೆ ನೋಡಬೇಕು. ಐದು ನಿಮಿಷದ ಅಂತರಕ್ಕೆ ಇಟ್ಟ ಮಾನಿಟರ್ ಎರಡು ರೀಡಿಂಗ್‌ಗಳ ನಡುವೆ ನಡೆದದ್ದನ್ನು ಹೇಳುವುದಿಲ್ಲ. ಅದಕ್ಕಿಂತ ಬೇಗ ಸುಳಿವು ಕೊಡುವವಳು ತಾಯಿಯೇ. ಹೊಟ್ಟೆ ತೊಳಸುವುದು, ಆಕಳಿಕೆ, ಬೆವರು, ಮುಖ ಬಿಳಿಚುವುದು, "ಡಾಕ್ಟ್ರೇ, ಏನೋ ಆಗ್ತಿದೆ", "ಕಣ್ಣಿಗೆ ಕತ್ತಲಿ ಬರಾಕತ್ತೈತ್ರಿ" ಎಂಬ ಮಾತು ಇವು ಕಫ್ ಗಾಳಿ ತುಂಬಿಕೊಳ್ಳುವ ಮೊದಲೇ ಬರುತ್ತವೆ. ಆದ್ದರಿಂದ ತಲೆಯ ಬಳಿ ನಿಂತವರು "ಹೇಗಿದೀಯಮ್ಮಾ?" ಎಂದು ಮಾತನಾಡಿಸುತ್ತಲೇ ಇರಬೇಕು. ವಾಕರಿಕೆ ಬಂದೊಡನೆ ವಾಂತಿಯ ಇಂಜೆಕ್ಷನ್ ಹುಡುಕಬೇಡಿ. ಬಿಪಿ ಇಳಿದಿದೆ ಎಂದೇ ತಿಳಿದು ಮೊದಲು ಅದನ್ನು ನೋಡಿ. ಮೈ ನಡುಗಿ ಮಾನಿಟರ್ ರೀಡಿಂಗ್ ಕೊಡದೆ ಮತ್ತೆ ಮತ್ತೆ ಗಾಳಿ ತುಂಬುತ್ತಿದ್ದರೆ ಅದಕ್ಕಾಗಿ ಕಾಯದೆ ಮಣಿಕಟ್ಟಿನ ನಾಡಿ ಹಿಡಿದು ನೋಡಿ. ಅಲ್ಲಿ ಅದು ಕ್ಷೀಣವಾಗಿದ್ದರೆ ಉತ್ತರ ಸಿಕ್ಕಂತೆಯೇ.

ನಾಡಿ ನೋಡಿ ಔಷಧ ಆರಿಸಿ

ಬಿಪಿ ಇಳಿದು ನಾಡಿ ನಿಮಿಷಕ್ಕೆ 60ಕ್ಕಿಂತ ಹೆಚ್ಚಿದ್ದರೆ ಫಿನೈಲೆಫ್ರಿನ್ 50ರಿಂದ 100 ಮೈಕ್ರೋಗ್ರಾಂ ಕೊಡಿ. ಅದು ಒಂದು ನಿಮಿಷದೊಳಗೆ ಕೆಲಸ ಆರಂಭಿಸುತ್ತದೆ. ಬಿಪಿ ಇಳಿದು ನಾಡಿಯೂ 60ಕ್ಕಿಂತ ಕಡಿಮೆ ಇದ್ದರೆ ಮೆಫೆಂಟರ್ಮಿನ್ 6 ಮಿ.ಗ್ರಾಂ ಅಥವಾ ಎಫೆಡ್ರಿನ್ ಕೊಡಿ. ನಾಡಿ 50ಕ್ಕಿಂತ ಕೆಳಗಿಳಿದರೆ ಅಟ್ರೋಪಿನ್ 0.6 ಮಿ.ಗ್ರಾಂ ಕೊಡಲು ಹಿಂಜರಿಯಬೇಡಿ. ಬಿಪಿ ಚೆನ್ನಾಗಿದ್ದು ನಾಡಿ ಮಾತ್ರ ನಿಧಾನವಾಗಿದ್ದರೆ ಅದು ಫಿನೈಲೆಫ್ರಿನ್ ಹೆಚ್ಚಾಗಿರುವುದರ ಸೂಚನೆ. ಆಗ ಅದನ್ನು ನಿಲ್ಲಿಸಿದರೆ ಸಾಕು. ಆ ಹೊತ್ತಿನಲ್ಲಿ ಅಟ್ರೋಪಿನ್ ಕೊಟ್ಟರೆ ಒತ್ತಡ ವಿಪರೀತ ಏರಬಹುದು.

ಮೆಫೆಂಟರ್ಮಿನ್ ಪರಿಣಾಮ ತೋರಲು ಫಿನೈಲೆಫ್ರಿನ್‌ಗಿಂತ ತುಸು ಹೆಚ್ಚು ಹೊತ್ತು ಬೇಕು. ಅರ್ಧ ನಿಮಿಷದಲ್ಲಿ ಏರಲಿಲ್ಲವೆಂದು ಮೇಲಿಂದ ಮೇಲೆ ಕೊಟ್ಟರೆ ಆಮೇಲೆ ನಾಡಿ 140ಕ್ಕೂ ಬಿಪಿ 170ಕ್ಕೂ ಹೋಗಿ ನಿಲ್ಲುತ್ತದೆ. ಇದೇ ಸಮಯದಲ್ಲಿ ಕಾಲುಗಳನ್ನು ಎತ್ತಿ ಹಿಡಿಯಲು ಒಬ್ಬರಿಗೆ ಹೇಳಿ. ಟೇಬಲಿನ ತಲೆಭಾಗವನ್ನು ಕೆಳಗೆ ಮಾಡಬೇಡಿ. ಹಲವರಿಗೆ ಮೊದಲು ಹೊಳೆಯುವುದೇ ಇದು, ಆದರೆ ಹೆವಿ ಬುಪಿವಕೇನ್ ಇನ್ನೂ ಕಚ್ಚಿಕೊಳ್ಳದ ಮೊದಲ ನಿಮಿಷಗಳಲ್ಲಿ ತಲೆ ತಗ್ಗಿಸಿದರೆ ಔಷಧ ಕುತ್ತಿಗೆಯ ಕಡೆಗೆ ಹರಿದು ತೊಂದರೆಯನ್ನು ಇಮ್ಮಡಿ ಮಾಡುತ್ತದೆ.

ಎರಡು ಸಲ ಕೊಟ್ಟರೂ ಏರದಿದ್ದರೆ

ಸರಿಯಾದ ಪ್ರಮಾಣದ ಔಷಧವನ್ನು ಎರಡು ಸಲ ಕೊಟ್ಟರೂ ಒತ್ತಡ ಏರದಿದ್ದಾಗ ಮೂರನೆಯ ಸಿರಿಂಜಿಗೆ ಕೈಹಾಕುವ ಮೊದಲು ಬೇರೆ ಕಾರಣ ಹುಡುಕಬೇಕು. ಕ್ಯಾನುಲಾ ರಕ್ತನಾಳದಲ್ಲೇ ಇದೆಯೇ, ಕೈ ಊದಿದೆಯೇ ಎಂಬುದು ಮೊದಲ ಪ್ರಶ್ನೆ. ಸೊಂಟದ ಕೆಳಗಿನ ಬಟ್ಟೆ ಜಾರಿದೆಯೇ? ಅನುಮಾನವಿದ್ದರೆ ಸಹಾಯಕರು ಗರ್ಭಕೋಶವನ್ನು ಎರಡೂ ಕೈಗಳಿಂದ ಎಡಕ್ಕೆ ತಳ್ಳಿ ಹಿಡಿಯಲಿ. ನಂತರ ರಕ್ತಸ್ರಾವ. ಶಸ್ತ್ರಚಿಕಿತ್ಸಕರನ್ನು ಸಂಕೋಚವಿಲ್ಲದೆ ಕೇಳಿ, ಸಕ್ಷನ್ ಜಾರನ್ನು, ಮಾಪ್‌ಗಳನ್ನು, ಟೇಬಲಿನ ಕೆಳಗಿನ ನೆಲವನ್ನು ನೀವೇ ನೋಡಿ. ಮಾಸು ಬೇರ್ಪಟ್ಟಿರುವುದು, ಹಳೆಯ ಹೊಲಿಗೆ ಬಿಟ್ಟಿರುವುದು ಹೊರಗೆ ಕಾಣದಿರಬಹುದು. ಮೈಮೇಲೆ ದದ್ದು, ಉಬ್ಬಸ ಕಂಡರೆ ಪ್ರತಿಜೀವಕದ ಅಲರ್ಜಿ ಇರಬಹುದು, ಅಲ್ಲಿ ಬೇಕಾದದ್ದು ಅಡ್ರಿನಲಿನ್. ಹಠಾತ್ತನೆ ಆಮ್ಲಜನಕ ಇಳಿದು ಪ್ರಜ್ಞೆ ತಪ್ಪಿದರೆ ಆಮ್ನಿಯೋಟಿಕ್ ದ್ರವದ ಎಂಬಾಲಿಸಂ (ಗರ್ಭದ ನೀರು ತಾಯಿಯ ರಕ್ತಕ್ಕೆ ಸೇರುವುದು) ನೆನಪಾಗಬೇಕು.

ಸ್ಪೈನಲ್ ತೀರಾ ಮೇಲೇರಿದೆಯೇ ಎಂದು ತಿಳಿಯಲು "ನನ್ನ ಕೈ ಗಟ್ಟಿಯಾಗಿ ಹಿಡಿಯಮ್ಮಾ" ಎಂದು ಹೇಳಿ ನೋಡಿ. ಎದೆಯ ಗೋಡೆ ಮರಗಟ್ಟಿದಾಗ ಉಸಿರಾಡಿದ್ದೇ ಗೊತ್ತಾಗುತ್ತಿಲ್ಲ ಎಂದು ಅನೇಕರು ಹೇಳುತ್ತಾರೆ. ಹಿಡಿತ ಬಿಗಿಯಾಗಿದ್ದು ದನಿ ಗಟ್ಟಿಯಾಗಿದ್ದರೆ ಧೈರ್ಯ ಹೇಳಿದರೆ ಸಾಕು. ಹಿಡಿತ ಸಡಿಲವಾಗಿ, ಬೆರಳು ಜುಮುಗುಟ್ಟಿ, ಮಾತು ಪಿಸುಗುಟ್ಟುವಂತಾದರೆ ಆಮ್ಲಜನಕ ಕೊಡುತ್ತ ಸಹಾಯಕ್ಕೆ ಕರೆಯಿರಿ, ಟ್ಯೂಬ್ ಹಾಕಲು ಸಿದ್ಧರಾಗಿ. ಒತ್ತಡ ಮತ್ತು ನಾಡಿ ಎರಡೂ ಕುಸಿಯುತ್ತಿದ್ದರೆ ಅಡ್ರಿನಲಿನ್ 10ರಿಂದ 20 ಮೈಕ್ರೋಗ್ರಾಂ ಬೋಲಸ್ ಕೊಟ್ಟು ಪರಿಣಾಮ ನೋಡಿ ಮತ್ತೆ ಕೊಡಬೇಕು. ಹೃದಯ ನಿಂತರೆ ಎದೆ ಒತ್ತುವುದನ್ನು ಕೂಡಲೇ ಆರಂಭಿಸಿ, ಗರ್ಭಕೋಶವನ್ನು ಎಡಕ್ಕೆ ತಳ್ಳಿ ಹಿಡಿದು, ಐದು ನಿಮಿಷದೊಳಗೆ ಮಗುವನ್ನು ಹೊರತೆಗೆಯಬೇಕು. ಅದು ಮಗುವಿಗಿಂತ ಮೊದಲು ತಾಯಿಯನ್ನು ಉಳಿಸುವ ಕ್ರಮ.

ಮಗು ಹೊರಬಂದ ಮೇಲೆ ಬರುವ ಇಳಿತ

ಮಗು ಅತ್ತಿತು ಎಂದು ಎಲ್ಲರ ಕಣ್ಣು ಅತ್ತ ತಿರುಗುವ ಹೊತ್ತಿಗೇ ಎರಡನೆಯ ಇಳಿತ ಬರುತ್ತದೆ. ಅದಕ್ಕೆ ಕಾರಣ ಹಲವು ಸಲ ಆಕ್ಸಿಟೋಸಿನ್. 5 ಯೂನಿಟ್ ಆಂಪೂಲನ್ನು ರಕ್ತನಾಳಕ್ಕೆ ಒಮ್ಮೆಲೇ ತಳ್ಳಿದರೆ ರಕ್ತನಾಳಗಳು ಹಿಗ್ಗಿ ಬಿಪಿ ಒಂದು ನಿಮಿಷದೊಳಗೆ ಕುಸಿಯುತ್ತದೆ, ನಾಡಿ ಓಡುತ್ತದೆ. ಈಗಾಗಲೇ ರಕ್ತ ಕಳೆದುಕೊಂಡವರಲ್ಲಿ ಅಥವಾ ಹೃದ್ರೋಗಿಗಳಲ್ಲಿ ಇದು ಪ್ರಾಣಕ್ಕೇ ಎರವಾಗಬಹುದು. ಹೆರಿಗೆ ನೋವು ಆರಂಭವಾಗದವರಿಗೆ 1 ಯೂನಿಟ್, ಆರಂಭವಾಗಿದ್ದವರಿಗೆ 3 ಯೂನಿಟ್‌ಗಳನ್ನು ಕನಿಷ್ಠ ಅರ್ಧ ನಿಮಿಷ ತೆಗೆದುಕೊಂಡು ನಿಧಾನವಾಗಿ ಕೊಟ್ಟು, ಉಳಿದದ್ದನ್ನು ಡ್ರಿಪ್‌ನಲ್ಲಿ ಹರಿಸಿದರೆ ಗರ್ಭಕೋಶ ಹೆಚ್ಚಿನವರಲ್ಲಿ ಚೆನ್ನಾಗಿ ಗಟ್ಟಿಯಾಗುತ್ತದೆ. ಗರ್ಭಕೋಶವನ್ನು ಗಟ್ಟಿಗೊಳಿಸುವ ಇನ್ನೊಂದು ಔಷಧವಾದ ಮೀಥೈಲ್ ಎರ್ಗೋಮೆಟ್ರಿನ್ ಇದಕ್ಕೆ ತದ್ವಿರುದ್ಧ, ಅದು ಬಿಪಿ ಏರಿಸುತ್ತದೆ. ಬಿಪಿ ಏರಿಸುವ ಔಷಧ ಇನ್ನೂ ಮೈಯಲ್ಲಿರುವಾಗ ಅದನ್ನು ಕೊಟ್ಟರೆ ಒತ್ತಡ ಅಪಾಯದ ಮಟ್ಟಕ್ಕೆ ಹೋಗಬಹುದು. ಬಿಪಿ ಹೆಚ್ಚಿರುವ ಗರ್ಭಿಣಿಯರಿಗೆ ಅದನ್ನು ಕೊಡಲೇಬಾರದು.

ಬೇರೆಯದೇ ಲೆಕ್ಕ ಬೇಕಾದವರು

ಪ್ರಿ-ಎಕ್ಲಾಂಪ್ಸಿಯಾ (ಗರ್ಭಿಣಿಯರಲ್ಲಿ ಬಿಪಿ ಏರುವ ಕಾಯಿಲೆ) ಇದ್ದವರಲ್ಲಿ ಸ್ಪೈನಲ್ ನಂತರದ ಇಳಿತ ಸಾಮಾನ್ಯವಾಗಿ ಕಡಿಮೆ. ಇವರಿಗೆ ಫಿನೈಲೆಫ್ರಿನನ್ನು ಸಣ್ಣ ಪ್ರಮಾಣದಲ್ಲಿ, ದ್ರವವನ್ನು ಮಿತವಾಗಿ ಕೊಡಬೇಕು, ಏಕೆಂದರೆ ಇವರ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವ ಅಪಾಯ ಹೆಚ್ಚು. 160 ಇದ್ದವರ ಬಿಪಿ 110ಕ್ಕೆ ಬಂದಾಗ "ನಾರ್ಮಲ್ ಆಯಿತು" ಎಂದು ಸಮಾಧಾನಪಡುವವರಿದ್ದಾರೆ. ಆಕೆಯ 80 ಶೇಕಡಾ ಗೆರೆ 128 ಎಂಬುದನ್ನು ನೆನಪಿಸಬೇಕು. ಬಿಪಿ ಇಳಿಸುವ ಲ್ಯಾಬೆಟಲಾಲ್ ಸೇವಿಸುತ್ತಿರುವವರಲ್ಲಿ ರಕ್ತ ಹೋದರೂ ನಾಡಿ ವೇಗವಾಗದೆ ನಮ್ಮನ್ನು ಮರುಳುಮಾಡಬಹುದು. ರುಮ್ಯಾಟಿಕ್ ಕಾಯಿಲೆಯಿಂದ ಮೈಟ್ರಲ್ ಕವಾಟ ಕಿರಿದಾಗಿರುವವರು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಗರ್ಭಿಣಿಗೆ ಏದುಸಿರು ಇದ್ದು ಎದೆಯಲ್ಲಿ ಮರ್ಮರ ಕೇಳಿಸಿದರೆ, ಸಮಯವಿದ್ದಾಗ, ಒಂದೇ ಸಲದ ಸ್ಪೈನಲ್ ಕೊಡಲು ಹೋಗದೆ ಹೃದ್ರೋಗ ಸೌಲಭ್ಯವಿರುವ ಆಸ್ಪತ್ರೆಗೆ ಕಳುಹಿಸುವುದು ಕ್ಷೇಮ.

ವಾರ್ಡಿಗೆ ಕಳುಹಿಸುವವರೆಗೆ

ಟೇಬಲಿನಿಂದ ಸ್ಟ್ರೆಚರ್‌ಗೆ ಎತ್ತಿ ಹಾಕುವಾಗ ಬಿಪಿ ಮತ್ತೊಮ್ಮೆ ಇಳಿಯಬಹುದು, ಆದ್ದರಿಂದ ಕೊನೆಯ ಹೊಲಿಗೆ ಬಿದ್ದೊಡನೆ ಮಾನಿಟರ್ ಕಳಚಬೇಡಿ. ಚೇತರಿಕೆ ಕೊಠಡಿಯಲ್ಲಿ ಮೊದಲ ಅರ್ಧ ಗಂಟೆ ಐದು ನಿಮಿಷಕ್ಕೊಮ್ಮೆ, ನಂತರ ಹದಿನೈದು ನಿಮಿಷಕ್ಕೊಮ್ಮೆ ಬಿಪಿ ಮತ್ತು ನಾಡಿ ನೋಡಿ, ಹೊಟ್ಟೆಯ ಮೇಲೆ ಕೈಯಿಟ್ಟು ಗರ್ಭಕೋಶ ಗಟ್ಟಿಯಾಗಿದೆಯೇ, ಪ್ಯಾಡ್ ಎಷ್ಟು ನೆನೆದಿದೆ ಎಂದು ಪರೀಕ್ಷಿಸಬೇಕು. ಒಂದು ಗಂಟೆ ಸ್ಥಿರವಾಗಿದ್ದ ಬಿಪಿ ಅಲ್ಲಿ ಹೊಸದಾಗಿ ಇಳಿದು ನಾಡಿ ಏರಿದರೆ ಅದನ್ನು ಸ್ಪೈನಲ್ ತಲೆಗೆ ಕಟ್ಟಬೇಡಿ. ಬೇರೇನಾದರೂ ಸಾಬೀತಾಗುವವರೆಗೆ ಅದು ರಕ್ತಸ್ರಾವವೇ. ಶಸ್ತ್ರಚಿಕಿತ್ಸಕರನ್ನು ಕೂಡಲೇ ಕರೆಸಿ. ಕಾಲುಗಳಿಗೆ ಪೂರ್ತಿ ಬಲ ಬಂದ ಮೇಲೂ ಮೊದಲ ಸಲ ಎದ್ದು ನಿಲ್ಲುವಾಗ ತಲೆ ಸುತ್ತುವುದುಂಟು. ಮೊದಲು ಮಂಚದ ಅಂಚಿನಲ್ಲಿ ಕೂರಿಸಿ, ಆಮೇಲೆ ಶುಶ್ರೂಷಾಧಿಕಾರಿಯ ಆಸರೆಯಲ್ಲಿ ನಿಲ್ಲಿಸಿ. ಜೊತೆಗಿರುವ ತಾಯಿಗೋ ಅತ್ತೆಗೋ ಆಕೆಯನ್ನು ಒಬ್ಬಳನ್ನೇ ಬಚ್ಚಲಿಗೆ ಕಳುಹಿಸಬಾರದೆಂದು ಹೇಳಿ. ವಾರ್ಡಿನವರಿಗೆ ಒಪ್ಪಿಸುವಾಗ ಸಹಜ ಬಿಪಿ, ಅತಿ ಕಡಿಮೆ ಬಂದ ರೀಡಿಂಗ್, ಅದು ಎಷ್ಟು ನಿಮಿಷ ಇತ್ತು, ಯಾವ ಔಷಧ ಎಷ್ಟು ಹೋಯಿತು, ಎಷ್ಟು ದ್ರವ, ಎಷ್ಟು ರಕ್ತ ಹೋಯಿತು, ಎಷ್ಟು ಮೂತ್ರ ಬಂತು ಎಂಬುದನ್ನು ಬಾಯಲ್ಲಿ ಹೇಳಿ, ಕೇಸ್ ಶೀಟ್‌ನಲ್ಲೂ ತಾಯಿ ಕಾರ್ಡಿನಲ್ಲೂ ಬರೆದು ಸಹಿ ಮಾಡಿ.